ಚಾಪ್ಲೇನ್‌ಗಳಿಗೆ ಮರುನೋಟದ ಗುಂಪು ನಡೆಸಲು ಕಲಿಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

8 ಜನ ಸುತ್ತ ಕೂತಿದ್ದಾರೆ. ಒಬ್ಬ ನರ್ಸ್ ಕಳೆದ ವಾರ ತೀರಿಕೊಂಡ ರೋಗಿಯ ಬಗ್ಗೆ ಹೇಳುತ್ತಿದ್ದಾರೆ. ಮಾತು ತಡವರಿಸುತ್ತದೆ. ಗುಂಪು ನಡೆಸುತ್ತಿರುವ ಚಾಪ್ಲೇನ್ (ಆಸ್ಪತ್ರೆಯಲ್ಲಿ ರೋಗಿಗಳಿಗೂ ಸಿಬ್ಬಂದಿಗೂ ಆಧ್ಯಾತ್ಮಿಕ ಆಸರೆಯಾಗಿರುವವರು) ಕುರ್ಚಿಯನ್ನು ತುಸು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ದನಿ ತಗ್ಗಿಸಿ, "ತುಂಬಾ ನೊಂದಿದ್ದೀರಿ ಅಲ್ವಾ" ಅನ್ನುತ್ತಾರೆ. ನರ್ಸ್ ತಲೆಯಾಡಿಸುತ್ತಾರೆ. ಮುಂದಿನ 20 ನಿಮಿಷ ಅವರಿಬ್ಬರದೇ ಮಾತು. ಉಳಿದ 6 ಜನ ಸುಮ್ನೆ ನೋಡುತ್ತಾ ಕೂತಿರುತ್ತಾರೆ.

ನರ್ಸ್‌ಗೆ ಮನಸ್ಸು ಹಗುರಾಗಿರಬಹುದು. ಆದರೆ ಅಲ್ಲಿ ಗುಂಪಿನ ಕೆಲಸ ನಡೆಯಲೇ ಇಲ್ಲ. ಹಾಸಿಗೆ ಪಕ್ಕದಲ್ಲಿ ನಡೆಯಬೇಕಾದ ಮಾತುಕತೆ 6 ಜನರ ಮುಂದೆ ನಡೆಯಿತು, ಅಷ್ಟೇ.

ಚಾಪ್ಲೇನ್‌ಗಳಿಗೆ ಈ ಕೆಲಸ ಕಲಿಸುವಾಗ ಎದುರಾಗುವ ದೊಡ್ಡ ತೊಡಕು ಇದೇ. ಅವರಿಗೆ ಕೇಳಿಸಿಕೊಳ್ಳಲು ಬರುತ್ತದೆ, ತುಂಬಾ ಚೆನ್ನಾಗಿ ಬರುತ್ತದೆ. ಒಬ್ಬರ ನೋವಿನ ಪಕ್ಕ ಕೂರುವುದು ಅವರಿಗೆ ಉಸಿರಾಟದಷ್ಟೇ ಸಹಜ. ಗುಂಪು ನಡೆಸುವಾಗ ಆ ಸಹಜತೆಯನ್ನೇ ಕೊಂಚ ತಡೆಹಿಡಿಯಬೇಕು. ಈ ಮಾರ್ಗದರ್ಶಿಯ ಬಹುಪಾಲು ಅದರ ಬಗ್ಗೆಯೇ ಇದೆ. ಹೊಸಬರನ್ನು ತಯಾರು ಮಾಡುವ ಹಿರಿಯ ಚಾಪ್ಲೇನ್‌ಗಳನ್ನು, ತರಬೇತಿ ಹೊಣೆ ಹೊತ್ತವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲು, ಇದು ಏನು ಮತ್ತು ಏನಲ್ಲ

ಇಂಥ ಗುಂಪಿನ ಕೆಲಸಕ್ಕೆ ಇಂಗ್ಲಿಷ್‌ನಲ್ಲಿ ಸೂಪರ್‌ವಿಷನ್ ಅನ್ನುತ್ತಾರೆ. ಆ ಪದ ಕೇಳಿದ ಕೂಡಲೇ ಮೇಲಧಿಕಾರಿ ಬೆನ್ನ ಹಿಂದೆ ನಿಂತು ಕೆಲಸ ನೋಡುವ ಚಿತ್ರ ಕಣ್ಣಿಗೆ ಬರುತ್ತದೆ. ಇಲ್ಲಿ ಆ ಅರ್ಥವಿಲ್ಲ. ರೋಗಿಗಳ ಜೊತೆ ಕೆಲಸ ಮಾಡುವವರು ನಿಯಮಿತವಾಗಿ ಕೂಡಿ, ತಮ್ಮಲ್ಲೊಬ್ಬರು ಮಾಡಿದ ಕೆಲಸದ ಒಂದು ತುಣುಕನ್ನು ನಿಧಾನವಾಗಿ ಮತ್ತೆ ನೋಡುತ್ತಾರೆ. ಹಾಗಾಗಿ ಇದನ್ನು ನಾನು ಮರುನೋಟದ ಗುಂಪು ಅನ್ನುತ್ತೇನೆ.

ಇದು ಕೌನ್ಸೆಲಿಂಗ್ ಅಲ್ಲ. ಕೆಲಸಕ್ಕೆ ಅಂಕ ಕೊಡುವ ಸಭೆ ಅಲ್ಲ. ಅವಘಡದ ನಂತರದ ವಿಚಾರಣೆಯೂ ಅಲ್ಲ, ಪ್ರಾರ್ಥನಾ ಕೂಟವೂ ಅಲ್ಲ. ಕೊನೆಯದನ್ನು ಬೇಕೆಂದೇ ಹೇಳಿದ್ದೇನೆ, ಯಾಕೆಂದರೆ ಚಾಪ್ಲೇನ್ ನಡೆಸುವ ಕೂಟ ಅಂದರೆ ಪ್ರಾರ್ಥನೆ ಇದ್ದೇ ಇರುತ್ತದೆ ಎಂದು ಅಂದುಕೊಂಡು ದೂರ ಉಳಿಯುವವರು ಜಾಸ್ತಿ.

ಇದರ ಬೇರುಗಳನ್ನು ತರಬೇತಿಯ ಮೊದಲ ದಿನವೇ ಹೇಳಿಬಿಡಿ. 1925ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಚಾಪ್ಲೇನ್ ಆಗಿದ್ದ ಆಂಟನ್ ಬೋಯ್ಸನ್ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ವಾರ್ಡ್‌ಗೆ ಕರೆತಂದರು. ಅವರು ಸ್ವತಃ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿ ಹೊರಬಂದವರು. ಗ್ರಂಥ ಓದಿದಷ್ಟೇ ಗಮನದಿಂದ ಜೀವಂತ ಮನುಷ್ಯರನ್ನೂ ಓದಬೇಕು ಎಂಬುದು ಅವರ ನಂಬಿಕೆ. ಆ ದಾರಿಯಲ್ಲೇ ಮುಂದೆ, ರೋಗಿಯ ಜೊತೆ ಆಡಿದ ಮಾತನ್ನು ನೆನಪಿನಿಂದ ಸಾಲು ಸಾಲಾಗಿ ಬರೆದು ಗುಂಪಿನಲ್ಲಿ ಓದುವ ಪದ್ಧತಿ ಬೆಳೆಯಿತು. ಅದನ್ನು ಇಂದಿಗೂ ವರ್ಬೇಟಿಮ್ ಅನ್ನುತ್ತಾರೆ. 1950ರ ದಶಕದಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿ ಮನೋವಿಶ್ಲೇಷಕ ಮೈಕಲ್ ಬ್ಯಾಲಿಂಟ್ ಮತ್ತು ಅವರ ಪತ್ನಿ ಎನಿಡ್ ಬ್ಯಾಲಿಂಟ್ ಕುಟುಂಬ ವೈದ್ಯರನ್ನು ಹೀಗೇ ಗುಂಪಾಗಿ ಕೂರಿಸಿದರು. ಅಲ್ಲಿ ಚರ್ಚೆಯ ವಿಷಯ ರೋಗ ಆಗಿರಲಿಲ್ಲ, ವೈದ್ಯ ಮತ್ತು ರೋಗಿಯ ನಡುವಿನ ಸಂಬಂಧ ಆಗಿತ್ತು. ಇತ್ತೀಚೆಗೆ ಸ್ಕಾಟ್ಲೆಂಡ್‌ನಲ್ಲಿ ಆರೋಗ್ಯ ಸೇವೆಯ ಚಾಪ್ಲೇನ್‌ಗಳು ಮೌಲ್ಯಾಧಾರಿತ ಮರುನೋಟ ಎಂಬ ಪದ್ಧತಿಯನ್ನು ಬೆಳೆಸಿ, ನರ್ಸ್, ವೈದ್ಯರು, ಇತರ ಸಿಬ್ಬಂದಿಗೂ ಅಂಥ ಗುಂಪು ನಡೆಸುತ್ತಿದ್ದಾರೆ.

ಈ ಇತಿಹಾಸ ಕೇಳಿದಾಗ ತರಬೇತಿಗೆ ಬಂದವರ ಮುಖ ಅರಳುತ್ತದೆ. ಎಲ್ಲಿಂದಲೋ ಎರವಲು ತಂದ ಹೊಸ ಹೊರೆ ಇದಲ್ಲ, ತಮ್ಮ ಕಸುಬಿನ ಒಳಗಿನಿಂದಲೇ ಬಂದದ್ದು ಎಂದು ಗೊತ್ತಾಗುತ್ತದೆ.

ಇನ್ನೊಂದು ತಳಪಾಯ. ಬ್ರಿಟನ್ನಿನಲ್ಲಿ ಕೌನ್ಸೆಲಿಂಗ್ ತರಬೇತಿ ಕೊಡುತ್ತಿದ್ದ ಬ್ರಿಜೆಟ್ ಪ್ರಾಕ್ಟರ್ 1980ರ ದಶಕದಲ್ಲಿ ಸೂಪರ್‌ವಿಷನ್‌ಗೆ ಮೂರು ಕೆಲಸ ಎಂದರು. ಕೆಲಸ ಸರಿಯಾಗಿ, ಸುರಕ್ಷಿತವಾಗಿ ನಡೆಯುತ್ತಿದೆಯೇ ಎಂದು ನೋಡುವುದು. ಕೌಶಲ ಬೆಳೆಸುವುದು. ದಣಿದವರಿಗೆ ಚೇತರಿಕೆ ಕೊಡುವುದು. ಚಾಪ್ಲೇನ್‌ಗಳು ತಮಗೇ ಗೊತ್ತಿಲ್ಲದೆ ಮೂರನೆಯದರ ಕಡೆ ವಾಲುತ್ತಾರೆ. ತರಬೇತಿಯ ಉದ್ದಕ್ಕೂ "ಇವತ್ತು ಉಳಿದ ಎರಡು ಎಲ್ಲಿ ಹೋದವು?" ಎಂದು ಕೇಳುತ್ತಲೇ ಇರಿ.

ಹಂತ 1: ಯಾರನ್ನು ಆರಿಸಬೇಕು

ಒಳ್ಳೆಯ ಚಾಪ್ಲೇನ್ ಎಲ್ಲರೂ ಒಳ್ಳೆಯ ಗುಂಪು ನಡೆಸುವವರಾಗುವುದಿಲ್ಲ. ಇದರಲ್ಲಿ ಅವಮಾನವೇನೂ ಇಲ್ಲ. ಕನಿಷ್ಠ ಎರಡು ಮೂರು ವರ್ಷ ವಾರ್ಡ್‌ಗಳಲ್ಲಿ ಕೆಲಸ ಮಾಡಿರಲಿ. ತಮ್ಮ ಕೆಲಸವನ್ನು ಬೇರೆಯವರ ಮುಂದೆ ಇಟ್ಟು ಅಭ್ಯಾಸ ಇರಲಿ. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡವರಿಗೆ, ದೊಡ್ಡ ಆಘಾತದಿಂದ ಇನ್ನೂ ಚೇತರಿಸಿಕೊಳ್ಳದವರಿಗೆ ಮುಂದಿನ ತಂಡದಲ್ಲಿ ಸೇರಲು ಪ್ರೀತಿಯಿಂದ ಹೇಳಿ.

ಸಂದರ್ಶನದಲ್ಲಿ ನಾನು ಕೇಳುವ ಪ್ರಶ್ನೆ ಒಂದೇ. "ನಿಮ್ಮ ಕೆಲಸದಲ್ಲಿ ಇನ್ನೂ ಅರ್ಥವಾಗದೆ ಉಳಿದ ಒಂದು ಭೇಟಿಯ ಬಗ್ಗೆ ಹೇಳಿ." ಕೆಲವರು ಕೂಡಲೇ ಒಂದು ಗೆಲುವಿನ ಕಥೆ ಹೇಳುತ್ತಾರೆ. ಕೆಲವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅರ್ಧಂಬರ್ಧ ಕಥೆಯನ್ನು ಅರ್ಧಂಬರ್ಧವಾಗಿಯೇ ಹೇಳುತ್ತಾರೆ. ಎರಡನೆಯವರನ್ನು ಆರಿಸಿಕೊಳ್ಳಿ. ತಂಡದಲ್ಲಿ 6ರಿಂದ 8 ಜನ ಸಾಕು.

ಹಂತ 2: ಮೊದಲು ಸದಸ್ಯರಾಗಿ ಕೂರಲಿ

ಗುಂಪು ನಡೆಸುವ ಮೊದಲು ಗುಂಪಿನಲ್ಲಿ ಕೂತಿರಬೇಕು. ಕನಿಷ್ಠ 6 ಬೈಠಕ್, ಅನುಭವಿ ಒಬ್ಬರು ನಡೆಸುವ ಗುಂಪಿನಲ್ಲಿ. ಅದರಲ್ಲಿ ಎರಡು ಸಲವಾದರೂ ತಮ್ಮದೇ ಪ್ರಸಂಗ ಮುಂದಿಡಬೇಕು. ಈ ಹಂತವನ್ನು ಬಿಟ್ಟುಬಿಡಲು ಆಸ್ಪತ್ರೆಯವರು ಒತ್ತಾಯ ಮಾಡುತ್ತಾರೆ. ಸಮಯ ಇಲ್ಲ, ಎರಡು ದಿನದ ಕಾರ್ಯಾಗಾರ ಮಾಡಿ ಮುಗಿಸಿ ಅನ್ನುತ್ತಾರೆ. ದಯವಿಟ್ಟು ಒಪ್ಪಬೇಡಿ. ತನ್ನ ಕಥೆ ಹೇಳಿ ಮುಗಿಸಿ, 8 ಜೊತೆ ಕಣ್ಣುಗಳ ಮುಂದೆ ಕೂತಿರುವಾಗ ಹೊಟ್ಟೆಯೊಳಗೆ ಏನಾಗುತ್ತದೆ ಎಂದು ಗೊತ್ತಿಲ್ಲದವರು ಇನ್ನೊಬ್ಬರನ್ನು ಆ ಕುರ್ಚಿಯಲ್ಲಿ ಕೂರಿಸಬಾರದು.

ಪ್ರತಿ ಬೈಠಕ್ ಆದಮೇಲೆ ಎರಡು ಸಾಲು ಬರೆಯಲು ಹೇಳಿ. ಇವತ್ತು ಯಾವ ಕ್ಷಣದಲ್ಲಿ ನನಗೆ ಬಾಯಿ ಮುಚ್ಚಿಕೊಳ್ಳೋಣ ಅನ್ನಿಸಿತು? ಯಾವ ಕ್ಷಣದಲ್ಲಿ ಧೈರ್ಯ ಬಂತು? ಈ ಟಿಪ್ಪಣಿ ಯಾರಿಗೂ ತೋರಿಸಬೇಕಾಗಿಲ್ಲ. ಮುಂದೆ ತಾವೇ ನಡೆಸುವಾಗ ಅದು ಅವರಿಗೆ ದಿಕ್ಸೂಚಿ.

ಹಂತ 3: ಒಪ್ಪಂದ ಮಾಡಿಕೊಳ್ಳುವುದು

ಯಾವ ಗುಂಪೂ ಒಪ್ಪಂದವಿಲ್ಲದೆ ಶುರುವಾಗಬಾರದು. ಒಂದು ಪುಟ ಸಾಕು, ಆದರೆ ಬರಹದಲ್ಲಿರಲಿ. ಎಷ್ಟು ಸಲ ಸೇರುತ್ತೇವೆ, ಎಷ್ಟು ಹೊತ್ತು, ತಡವಾದರೆ ಏನು, ಬರಲಾಗದಿದ್ದರೆ ಯಾರಿಗೆ ತಿಳಿಸಬೇಕು, ಇವೆಲ್ಲ ಬೇಗ ಮುಗಿಯುವ ಮಾತು. ಗುಟ್ಟು ಕಾಪಾಡುವ ವಿಷಯಕ್ಕೆ ಮಾತ್ರ ಸಮಯ ಕೊಡಿ.

"ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ" ಎಂದು ಹೇಳಿ ಮುಂದೆ ಹೋಗುವುದು ಸುಲಭ. ಅದು ಪೂರ್ತಿ ನಿಜವಲ್ಲ, ಹಾಗಾಗಿ ಹೇಳಬಾರದು. ರೋಗಿಗೆ ಅಪಾಯವಿದೆ, ಮಗುವಿನ ಮೇಲೋ ಅಸಹಾಯಕರ ಮೇಲೋ ದೌರ್ಜನ್ಯ ನಡೆದಿದೆ, ಸಹೋದ್ಯೋಗಿಯ ನಡತೆಯಿಂದ ಯಾರಿಗೋ ಹಾನಿಯಾಗುತ್ತಿದೆ, ಗುಂಪಿನ ಸದಸ್ಯರೇ ತಮ್ಮ ಜೀವಕ್ಕೆ ಅಪಾಯ ತಂದುಕೊಳ್ಳುವ ಸ್ಥಿತಿಯಲ್ಲಿದ್ದಾರೆ. ಇಂಥವು ಬಂದರೆ ಮಾತು ಕೋಣೆಯಿಂದ ಹೊರಗೆ ಹೋಗಲೇಬೇಕು. ಯಾರಿಗೆ ಹೋಗುತ್ತದೆ, ಹೇಗೆ ಹೋಗುತ್ತದೆ ಎಂದು ಮೊದಲ ದಿನವೇ ಸ್ಪಷ್ಟವಾಗಿ ಹೇಳಬೇಕು. ಸಾಧ್ಯವಿದ್ದಾಗಲೆಲ್ಲ ಹೇಳಿದವರ ಜೊತೆ ಮೊದಲು ಮಾತಾಡುತ್ತೇವೆ, ಅವರೇ ವರದಿ ಮಾಡಲು ಜೊತೆಯಾಗುತ್ತೇವೆ ಎಂದೂ ಸೇರಿಸಿ. ಈ ನಾಲ್ಕು ವಾಕ್ಯಗಳನ್ನು ತಡವರಿಸದೆ, ಹೆದರಿಸದೆ ಹೇಳುವುದನ್ನು ತರಬೇತಿಯಲ್ಲಿ ಬಾಯಿ ಬಿಟ್ಟು ಅಭ್ಯಾಸ ಮಾಡಿಸಿ. ಓದಿಕೊಂಡು ಹೋದರೆ ಆ ಹೊತ್ತಿಗೆ ಬಾಯಿಗೆ ಬರುವುದಿಲ್ಲ.

ರೋಗಿಯ ಹೆಸರು, ಹಾಸಿಗೆ ಸಂಖ್ಯೆ, ಗುರುತು ಸಿಗುವ ವಿವರ ಯಾವುದೂ ಬೇಡ. ಒಂದೇ ವಾರ್ಡ್‌ನವರು ಗುಂಪಿನಲ್ಲಿದ್ದರೆ ಹೆಸರು ಬಿಟ್ಟರೂ ರೋಗಿ ಯಾರೆಂದು ಗೊತ್ತಾಗುತ್ತದೆ. ಆಗ ವಯಸ್ಸು, ಸಂಬಂಧ ಮೊದಲಾದವನ್ನು ಬದಲಿಸಿ ಹೇಳಲು ಕಲಿಸಿ.

ಮೇಲಧಿಕಾರಿ ಮತ್ತು ಅವರ ಕೈಕೆಳಗಿನವರು ಒಂದೇ ಗುಂಪಿನಲ್ಲಿ ಬೇಡ. ಇನ್ನೊಂದು ಸೂಕ್ಷ್ಮ ಇದೆ. ಚಾಪ್ಲೇನ್ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತಿರುವ ಮನುಷ್ಯ. ಗುಂಪಿನ ಯಾರದೋ ತಂದೆಯ ಅಂತ್ಯಕ್ರಿಯೆಯನ್ನು ಅವರೇ ನಡೆಸಿರಬಹುದು, ಇನ್ಯಾರದೋ ಮದುವೆ ಮುರಿದಾಗ ತಿಂಗಳುಗಟ್ಟಲೆ ಜೊತೆಗಿದ್ದಿರಬಹುದು. ಅಂಥವರಿಗೆ ಬೇರೆ ಚಾಪ್ಲೇನ್ ನಡೆಸುವ ಗುಂಪು ಒಳ್ಳೆಯದು. ಆಗದಿದ್ದರೆ ಒಬ್ಬರೇ ಸಿಕ್ಕಾಗ ಈ ಬಗ್ಗೆ ಮೊದಲೇ ಮಾತಾಡಿಕೊಳ್ಳಲಿ. ಹೊರಗೆ ಹೇಳಿದ್ದನ್ನು ಗುಂಪಿನೊಳಗೆ ತರುವುದು ಅವರ ಇಷ್ಟ, ಚಾಪ್ಲೇನ್ ಮಾತ್ರ ಎಂದೂ ತರಬಾರದು.

ಹಂತ 4: 75 ನಿಮಿಷದ ಚೌಕಟ್ಟು

ಹೊಸಬರಿಗೆ ಗಟ್ಟಿ ಚೌಕಟ್ಟು ಕೊಡಿ. ಸಡಿಲ ಮಾಡುವುದು ಆಮೇಲೆ. ಮೊದಲ 10 ನಿಮಿಷ ಎಲ್ಲರೂ ಒಂದೊಂದು ಮಾತಿನಲ್ಲಿ ತಾವು ಹೇಗೆ ಬಂದಿದ್ದೇವೆ ಎಂದು ಹೇಳುತ್ತಾರೆ. 5 ನಿಮಿಷದಲ್ಲಿ ಯಾರ ಪ್ರಸಂಗ ಎಂದು ನಿರ್ಧಾರ. 10 ನಿಮಿಷ ಕಥೆ, ಯಾರೂ ನಡುವೆ ಬಾಯಿ ಹಾಕುವಂತಿಲ್ಲ. 5 ನಿಮಿಷ ವಿವರ ಕೇಳುವ ಪ್ರಶ್ನೆಗಳು. ಯಾವಾಗ, ಯಾರು, ಎಲ್ಲಿ ಎಂಬಂಥವು ಮಾತ್ರ. ಆಮೇಲೆ 25 ನಿಮಿಷ ಗುಂಪು ಮಾತಾಡುತ್ತದೆ, ಕಥೆ ಹೇಳಿದವರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಸುಮ್ಮನೆ ಕೇಳುತ್ತಾರೆ. 10 ನಿಮಿಷ ಅವರು ಮರಳಿ ಬಂದು, ಕೇಳಿದ್ದರಲ್ಲಿ ಯಾವುದು ತಾಗಿತು ಎಂದು ಹೇಳುತ್ತಾರೆ. ಕೊನೆಯ 10 ನಿಮಿಷ ಎಲ್ಲರೂ ತಾವು ಏನು ತೆಗೆದುಕೊಂಡು ಹೋಗುತ್ತಿದ್ದೇವೆ ಎಂದು ಹೇಳಿ ಮುಗಿಸುತ್ತಾರೆ.

ಕಥೆ ಹೇಳಿದವರು ಹಿಂದೆ ಸರಿಯುವುದನ್ನು ಹೊಸಬರು ಮೊದಮೊದಲು ಒಪ್ಪುವುದಿಲ್ಲ. ಎದುರಿಗಿದ್ದವರನ್ನು ಬಿಟ್ಟು ಅವರ ಬಗ್ಗೆ ಮಾತಾಡುವುದು ಒರಟು ಅನ್ನಿಸುತ್ತದೆ. ಕಾರಣ ಹೇಳಿ. ಪ್ರಶ್ನೆ ನಮ್ಮ ಕಡೆಗೇ ಬರುತ್ತಿದ್ದರೆ ನಾವು ಉತ್ತರ ಹೊಂದಿಸುವುದರಲ್ಲೇ ಮುಳುಗಿರುತ್ತೇವೆ. ಉತ್ತರ ಕೊಡಬೇಕಾಗಿಲ್ಲ ಅಂದಾಗ ಕಿವಿ ತೆರೆಯುತ್ತದೆ. ಬ್ಯಾಲಿಂಟ್ ಗುಂಪುಗಳಲ್ಲೂ ಹೀಗೆ ಹಿಂದೆ ಸರಿಯುವ ರೂಢಿ ಇದೆ. 1980ರ ದಶಕದ ಮಧ್ಯದಲ್ಲಿ ಉತ್ತರ ನಾರ್ವೆಯಲ್ಲಿ ಮನೋವೈದ್ಯ ಟಾಮ್ ಆಂಡರ್ಸನ್ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಒಂದು ಕಡೆಯಿಂದ ಮಾತ್ರ ಕಾಣುವ ಗಾಜಿನ ಹಿಂದೆ ಕೂತು ಕುಟುಂಬವನ್ನು ಗಮನಿಸುತ್ತಿದ್ದ ಚಿಕಿತ್ಸಕರು, ತಮ್ಮ ಕೋಣೆಯ ದೀಪ ಹಚ್ಚಿ, ತಮ್ಮ ಚರ್ಚೆಯನ್ನು ಆ ಕುಟುಂಬವೇ ಕೇಳುವಂತೆ ಮಾಡಿದರು. ಕೇಳುತ್ತಿದ್ದಾರೆ ಎಂದು ಗೊತ್ತಿರುವಾಗ ಮಾತಿನಲ್ಲಿ ಮರ್ಯಾದೆ ತಾನಾಗಿ ಬರುತ್ತದೆ. ನಮ್ಮ ಗುಂಪಿನಲ್ಲೂ ಆಗುವುದು ಅದೇ.

ಹಂತ 5: ಸಲಹೆಯನ್ನು ಗುರುತಿಸುವುದು

ಗುಂಪು ಮಾತಾಡುವ ಆ 25 ನಿಮಿಷಕ್ಕೆ ಮೂರು ವಾಕ್ಯಗಳ ಆರಂಭ ಕೊಡಿ. "ನಾನು ಗಮನಿಸಿದ್ದು ಏನೆಂದರೆ..." "ನನ್ನಲ್ಲಿ ಏಳುವ ಪ್ರಶ್ನೆ ಏನೆಂದರೆ..." "ನನಗೀಗ ಹೊಳೆದದ್ದು ಏನೆಂದರೆ..." ಸ್ಕಾಟ್ಲೆಂಡ್‌ನ ಪದ್ಧತಿಯಲ್ಲಿ ಈ ಮೂರು ನೋಟಗಳಿಗೆ ದೊಡ್ಡ ಜಾಗವಿದೆ. ಗಮನಿಸಿದ್ದನ್ನು ಮೊದಲು ಹೇಳಿಸುವುದು ಮುಖ್ಯ. ಹೆಚ್ಚಿನವರು ನೇರವಾಗಿ ಅರ್ಥ ಹೇಳಲು ಹೊರಡುತ್ತಾರೆ.

ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡು ಬರುವ ಸಲಹೆಗಳನ್ನು ಹಿಡಿಯುವುದು ಒಂದು ಕೌಶಲ. "ಡಾಕ್ಟರಿಗೆ ಆಗಲೇ ಹೇಳಬಹುದಿತ್ತಲ್ವಾ?" ಇದು ಪ್ರಶ್ನೆ ಅಲ್ಲ, ಆಕ್ಷೇಪ. "ಮಗನನ್ನು ಒಳಗೆ ಕರೆಯುವ ಯೋಚನೆ ಬರಲಿಲ್ವಾ?" ಇದೂ ಅಷ್ಟೇ. ತರಬೇತಿಯಲ್ಲಿ ಅರ್ಧ ಗಂಟೆ ಇದಕ್ಕೇ ಇಡಿ. ಒಬ್ಬರು ಸಣ್ಣ ಪ್ರಸಂಗ ಹೇಳಲಿ. ಉಳಿದವರು ಮನಸ್ಸಿಗೆ ಮೊದಲು ಬಂದ ಪ್ರಶ್ನೆಯನ್ನು ಚೀಟಿಯಲ್ಲಿ ಬರೆಯಲಿ. ಎಲ್ಲ ಚೀಟಿಗಳನ್ನೂ ನೆಲದ ಮೇಲೆ ಹರಡಿ, ಒಳಗೆ ಸಲಹೆ ಇರುವವನ್ನು ಒಂದು ಕಡೆ ಸರಿಸಿ. ಬಹುತೇಕ ಚೀಟಿಗಳು ಆ ಕಡೆಗೇ ಹೋಗುತ್ತವೆ. ಆಮೇಲೆ ಪ್ರತಿಯೊಂದನ್ನೂ ತಿದ್ದಿಸಿ. "ಮಗನನ್ನು ಕರೆಯಬಹುದಿತ್ತಲ್ವಾ" ಅನ್ನುವುದು "ಬಾಗಿಲ ಹೊರಗೆ ನಿಂತಿದ್ದ ಮಗನ ಬಗ್ಗೆ ನಾನು ಯೋಚಿಸುತ್ತಾ ಇದ್ದೆ" ಎಂದಾಗುತ್ತದೆ. ಹೇಳುವ ವಿಷಯ ಅದೇ. ಆದರೆ ಈಗ ಕೇಳುವವರು ತಪ್ಪಿತಸ್ಥರಂತೆ ಕೂರಬೇಕಾಗಿಲ್ಲ.

ಗುಂಪು ನಿಂತ ನೀರಾದಾಗ ಬಳಸಲು ನಾಲ್ಕೈದು ಪ್ರಶ್ನೆಗಳು ಕೈಯಲ್ಲಿರಲಿ. ಈ ಪ್ರಸಂಗದಲ್ಲಿ ಯಾರ ಅಗತ್ಯ ಪೂರೈಸಿತು? ಯಾರ ದನಿ ಕೇಳಿಸಿತು, ಯಾರದು ಕೇಳಿಸಲೇ ಇಲ್ಲ? ಯಾವುದಕ್ಕೆ ಬೆಲೆ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ? ದನಿಯ ಪ್ರಶ್ನೆ ನನಗೆ ತುಂಬಾ ಇಷ್ಟ. ಐಸಿಯುನಲ್ಲಿ ಅರ್ಧ ಗಂಟೆ ನಡೆದ ಕುಟುಂಬದ ಮಾತುಕತೆಯನ್ನು ಒಬ್ಬರು ವಿವರಿಸುತ್ತಾರೆ ಅಂದುಕೊಳ್ಳಿ. ಈ ಪ್ರಶ್ನೆ ಕೇಳಿದ ಮೇಲೆಯೇ ಆ ಕಥೆಯಲ್ಲಿ ರೋಗಿಯೇ ಇಲ್ಲ ಎಂದು ಎಲ್ಲರಿಗೂ ಹೊಳೆಯುತ್ತದೆ.

ಹಂತ 6: ಹಾಸಿಗೆ ಪಕ್ಕದ ಕಿವಿಯನ್ನು ಕೆಳಗಿಡುವುದು

ಈಗ ಮೊದಲು ಹೇಳಿದ ತೊಡಕಿಗೆ ಬರೋಣ. ತರಬೇತಿಯ ಮೂರನೇ ಒಂದು ಭಾಗವನ್ನಾದರೂ ಇದಕ್ಕೆ ಕೊಡಿ.

ಮೊದಲ ಅಭ್ಯಾಸ ಕಣ್ಣಿನದು. ಕಥೆ ನಡೆಯುತ್ತಿರುವಾಗ ನಡೆಸುವವರ ಕಣ್ಣು ಹೇಳುವವರ ಮೇಲೆಯೇ ನೆಟ್ಟಿದ್ದರೆ ಅವರೂ ಇವರಿಗೇ ಹೇಳುತ್ತಾರೆ. ನಿಧಾನವಾಗಿ ಗುಂಪಿನ ಸುತ್ತ ನೋಡುವುದನ್ನು ಕಲಿಸಿ. ಯಾರು ಕಾಲು ಅಲ್ಲಾಡಿಸುತ್ತಿದ್ದಾರೆ? ಯಾರು ಉಸಿರು ಹಿಡಿದಿದ್ದಾರೆ? ಯಾರು ಕಿಟಕಿ ನೋಡುತ್ತಿದ್ದಾರೆ? ಹೇಳುವವರ ಕಣ್ಣೂ ಸ್ವಲ್ಪ ಹೊತ್ತಿಗೆ ಸುತ್ತ ತಿರುಗಲು ಶುರುವಾಗುತ್ತದೆ. ನೋವಿನಲ್ಲಿರುವವರಿಂದ ಕಣ್ಣು ತೆಗೆಯುವುದು ಚಾಪ್ಲೇನ್‌ಗಳಿಗೆ ದ್ರೋಹದಂತೆ ಕಾಣುತ್ತದೆ. ಅವರನ್ನು ಗುಂಪಿನ ಕೈಗೆ ಒಪ್ಪಿಸುತ್ತಿದ್ದೀರಿ, ಬಿಟ್ಟು ಹೋಗುತ್ತಿಲ್ಲ ಎಂದು ಮತ್ತೆ ಮತ್ತೆ ನೆನಪಿಸಿ.

ಎರಡನೆಯದು ಬಾಯಿಯದು. ಸಮಾಧಾನದ ಮಾತು ನಾಲಿಗೆಯ ತುದಿಗೆ ಬಂದಾಗ ಅದನ್ನು ಗುಂಪಿಗೆ ಕೇಳುವ ಮಾತಾಗಿ ತಿರುಗಿಸಬೇಕು. "ನಿಮಗೆ ಕಷ್ಟವಾಗಿರಬೇಕು" ಎನ್ನುವ ಬದಲು "ಇದನ್ನು ಕೇಳುತ್ತಾ ನಿಮಗೆಲ್ಲ ಒಳಗೆ ಏನಾಯಿತು?" ಎಂದು ಉಳಿದವರನ್ನು ಕೇಳುವುದು. ಇದನ್ನು ಅಭ್ಯಾಸ ಮಾಡಿಸಲು ನಾಲ್ಕು ಜನರನ್ನು ಒಳಸುತ್ತಿನಲ್ಲಿ, ನಾಲ್ಕು ಜನರನ್ನು ಹೊರಸುತ್ತಿನಲ್ಲಿ ಕೂರಿಸಿ. ಒಳಗಿನವರು 15 ನಿಮಿಷ ಗುಂಪು ನಡೆಸಲಿ. ಹೊರಗಿನವರು ಪ್ರತಿ ಮಾತಿಗೂ ಒಂದು ಗೆರೆ ಎಳೆಯಲಿ, ಯಾರಿಂದ ಯಾರಿಗೆ ಎಂದು. ಕೊನೆಗೆ ಕಾಗದ ನೋಡಿದರೆ ಸಾಕು, ಯಾವ ವಿವರಣೆಯೂ ಬೇಡ. ಗೆರೆಗಳೆಲ್ಲ ನಡೆಸುವವರಿಗೇ ಬಂದು ಹೋಗಿದ್ದರೆ ಅದು ಸೈಕಲ್ ಚಕ್ರದ ಕಡ್ಡಿಗಳಂತೆ ಕಾಣುತ್ತದೆ. ಗುಂಪು ನಿಜವಾಗಿ ಕೆಲಸ ಮಾಡಿದ್ದರೆ ಜೇಡರ ಬಲೆಯಂತೆ ಕಾಣುತ್ತದೆ.

ನಾನು ಕಲಿಯುತ್ತಿದ್ದಾಗ ನನ್ನ ಮೊದಲ ಮೂರು ಕಾಗದಗಳೂ ಅಚ್ಚುಕಟ್ಟಾದ ಚಕ್ರಗಳೇ ಆಗಿದ್ದವು. ನನಗೆ ಕಲಿಸಿದವರು ಒಂದೇ ಪ್ರಶ್ನೆ ಕೇಳಿದರು. "ಆ ಹೊತ್ತು ನೀವು ಸಮಾಧಾನ ಮಾಡದೇ ಇದ್ದಿದ್ದರೆ ನಿಮಗೆ ಏನಾಗುತ್ತಿತ್ತು?" ನನಗೆ ಉತ್ತರ ಗೊತ್ತಿತ್ತು. ಅವರ ನೋವನ್ನು ತಡೆದುಕೊಳ್ಳಲು ನನಗೇ ಆಗುತ್ತಿರಲಿಲ್ಲ. ಈ ಪ್ರಶ್ನೆಯನ್ನು ನಾನೀಗ ಎಲ್ಲ ಕಲಿಯುವವರಿಗೂ ಕೇಳುತ್ತೇನೆ, ಆದರೆ ಒಬ್ಬರೇ ಇದ್ದಾಗ.

ಮೂರನೆಯದು ಮೌನ. ಹಾಸಿಗೆ ಪಕ್ಕದ ಮೌನದಲ್ಲಿ ಚಾಪ್ಲೇನ್‌ಗಳು ಆರಾಮವಾಗಿರುತ್ತಾರೆ. ಗುಂಪಿನ ಮೌನ ಬೇರೆ, ಅಲ್ಲಿ ಎಲ್ಲರೂ ನಿಮ್ಮ ಮುಖವನ್ನೇ ನೋಡುತ್ತಾರೆ. ಒಳಗೊಳಗೇ ಐದು ಸಲ ನಿಧಾನವಾಗಿ ಉಸಿರಾಡಿ, ಆಮೇಲೂ ಯಾರೂ ಮಾತಾಡದಿದ್ದರೆ ಮಾತ್ರ ಬಾಯಿ ತೆರೆಯಲಿ. ಆಗಲೂ ಹೊಸ ಪ್ರಶ್ನೆ ಬೇಡ. "ಈ ಮೌನದಲ್ಲಿ ಏನಿದೆ ಅನ್ನಿಸುತ್ತದೆ?" ಅಂದರೆ ಸಾಕು.

ಪ್ರಾರ್ಥನೆಯ ವಿಷಯವನ್ನೂ ಇಲ್ಲೇ ಹೇಳುತ್ತೇನೆ. ಭಾರವಾದ ಬೈಠಕ್ ಮುಗಿಯುವಾಗ ಕೈ ಜೋಡಿಸಿ ಎರಡು ಮಾತು ಪ್ರಾರ್ಥಿಸೋಣ ಅನ್ನಿಸುವುದು ಸಹಜ. ಆದರೆ ಗುಂಪಿನಲ್ಲಿ ಬೇರೆ ಬೇರೆ ನಂಬಿಕೆಯವರು, ಯಾವ ನಂಬಿಕೆಯೂ ಇಲ್ಲದವರು ಇರುತ್ತಾರೆ. ಬೇಡ ಎಂದು ಹೇಳಲು ಅವರಿಗೆ ಧೈರ್ಯ ಸಾಲದು. ಹಾಗಾಗಿ ಗುಂಪಿನೊಳಗೆ ಬೇಡ. ದೇವರ ಮಾತು, ಅರ್ಥದ ಹುಡುಕಾಟ, ಸಿಟ್ಟು, ನಂಬಿಕೆ ಕಳೆದುಕೊಂಡ ಅನುಭವ ಇವೆಲ್ಲ ಸದಸ್ಯರ ಬಾಯಿಂದ ಬಂದರೆ ಮನಸಾರೆ ಬರಲಿ. ಅವನ್ನು ಹೆದರದೆ ಕೇಳಿಸಿಕೊಳ್ಳುವ ಶಕ್ತಿಯೇ ಈ ಕೆಲಸಕ್ಕೆ ಚಾಪ್ಲೇನ್ ತರುವ ವಿಶೇಷ ಕೊಡುಗೆ.

ಹಂತ 7: ಗುಂಪು ಕನ್ನಡಿಯಾದಾಗ

1955ರಲ್ಲಿ ಅಮೆರಿಕದ ಮನೋವಿಶ್ಲೇಷಕ ಹೆರಾಲ್ಡ್ ಸರ್ಲ್ಸ್ ಒಂದು ವಿಚಿತ್ರವನ್ನು ಬರೆದಿಟ್ಟರು. ರೋಗಿ ಮತ್ತು ಚಿಕಿತ್ಸಕರ ನಡುವೆ ನಡೆಯುವುದು, ಚಿಕಿತ್ಸಕ ಮತ್ತು ಸೂಪರ್‌ವೈಸರ್ ನಡುವೆಯೂ ಮತ್ತೆ ಕಾಣಿಸಿಕೊಳ್ಳುತ್ತದೆ. ಗುಂಪಿನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಒಬ್ಬರು ಡಿಸ್ಚಾರ್ಜ್ ಅವಸರದಲ್ಲಿ ಯಾರೂ ಮಾತಾಡಿಸದೆ ಮನೆಗೆ ಕಳಿಸಿದ ವೃದ್ಧೆಯ ಬಗ್ಗೆ ಹೇಳುತ್ತಾರೆ. ಕಥೆ ಮುಗಿಯುವ ಮೊದಲೇ ಗುಂಪು ಮಾತಿಗಿಳಿಯುತ್ತದೆ. ಒಬ್ಬರು ಗಡಿಯಾರ ನೋಡುತ್ತಾರೆ. ಹತ್ತೇ ನಿಮಿಷದಲ್ಲಿ ಪರಿಹಾರ ಸಿಕ್ಕಿಬಿಡುತ್ತದೆ. ಆ ಅಜ್ಜಿಗೆ ಆದದ್ದೇ ಈಗ ಕಥೆ ಹೇಳಿದವರಿಗೂ ಆಗುತ್ತಿದೆ. ನಡೆಸುವವರು ಇದನ್ನು ಕಂಡರೆ, "ನಾವೂ ಇವತ್ತು ತುಂಬಾ ಅವಸರದಲ್ಲಿದ್ದೇವೆ ಅನ್ನಿಸುತ್ತಿದೆ" ಎಂದಷ್ಟೇ ಹೇಳಲಿ. ಸಿದ್ಧಾಂತ ವಿವರಿಸಬಾರದು. ತಪ್ಪಾಗಿ ಕಂಡಿರಬಹುದು ಎಂಬ ಎಚ್ಚರವೂ ಇರಲಿ, ಪ್ರತಿ ಬೈಠಕ್‌ನಲ್ಲೂ ಕನ್ನಡಿ ಹುಡುಕುವ ಚಟ ಹತ್ತಿಸಿಕೊಂಡವರು ಗುಂಪನ್ನು ದಣಿಸುತ್ತಾರೆ.

ಹಂತ 8: ಕೈ ನಡುಗುವ ಹೊತ್ತುಗಳು

ಇವನ್ನು ನಾಟಕ ಮಾಡಿ ಕಲಿಸಬೇಕು, ಓದಿ ಬರುವುದಿಲ್ಲ.

ಯಾರಾದರೂ ಅತ್ತರೆ ಗುಂಪು ಕಾಯಲಿ. ಟಿಶ್ಯೂ ಡಬ್ಬ ಎಲ್ಲರ ಕೈಗೆಟಕುವಂತೆ ಮೊದಲೇ ಇಟ್ಟಿರಿ, ಎದ್ದು ಹೋಗಿ ಕೊಟ್ಟರೆ ಅಳು ನಿಲ್ಲಿಸಿ ಎಂದ ಹಾಗಾಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ, ಮುಂದುವರಿಸೋಣವೇ, ಸ್ವಲ್ಪ ನಿಲ್ಲೋಣವೇ ಎಂದು ಅವರನ್ನೇ ಕೇಳಬೇಕು. ಕೋಣೆ ಬಿಟ್ಟು ಹೊರನಡೆದರೆ ಯಾರು ಹಿಂದೆ ಹೋಗಬೇಕು? ನಡೆಸುವವರು ಹೋಗಬಾರದು, ಗುಂಪನ್ನು ಬಿಟ್ಟು ಹೋಗುವಂತಿಲ್ಲ. ಇದನ್ನೂ ಒಪ್ಪಂದದ ದಿನವೇ ನಿರ್ಧರಿಸಿ.

ಒಬ್ಬರೇ ಮಾತಾಡುತ್ತಿದ್ದರೆ, "ನಿಮ್ಮ ಮಾತು ನನಗೆ ಸಿಕ್ಕಿತು, ಇದು ಬೇರೆಯವರಲ್ಲಿ ಏನು ಎಬ್ಬಿಸಿತು ಎಂದು ಕೇಳೋಣ" ಎಂದು ನಡುವೆ ಬರಲೇಬೇಕು. ಸೌಜನ್ಯದ ಹೆಸರಲ್ಲಿ ಬಿಟ್ಟರೆ ಮುಂದಿನ ತಿಂಗಳು ಇಬ್ಬರು ಬರುವುದಿಲ್ಲ.

ಅಲ್ಲಿಲ್ಲದ ವೈದ್ಯರನ್ನೋ ಆಡಳಿತವನ್ನೋ ಎಲ್ಲರೂ ಸೇರಿ ಬೈಯಲು ಶುರುಮಾಡುವುದು ತುಂಬಾ ಸಾಮಾನ್ಯ. ಐದು ನಿಮಿಷ ಬಿಡಿ, ಆ ಸಿಟ್ಟಿನಲ್ಲಿ ಸತ್ಯವೂ ಇರುತ್ತದೆ. ಆಮೇಲೆ "ಇದರ ನಡುವೆ ನಾವು ಎಲ್ಲಿದ್ದೆವು?" ಎಂದು ಕೇಳಿ. ಸಿಟ್ಟಿನ ಹಿಂದೆ ಹೆಚ್ಚಾಗಿ ಅಸಹಾಯಕತೆ ಇರುತ್ತದೆ.

ಕಥೆಯ ನಡುವೆ ರೋಗಿಗೆ ಹಾನಿಯಾದ ಸಂಗತಿ ಹೊರಬಿದ್ದರೆ ಮರುನೋಟ ಅಲ್ಲಿಗೆ ನಿಲ್ಲುತ್ತದೆ. ನಡೆಸುವವರು ಗಟ್ಟಿ ದನಿಯಲ್ಲಿ, ಕರುಣೆ ಬಿಡದೆ, "ಇದು ನಾವು ಒಪ್ಪಂದದಲ್ಲಿ ಮಾತಾಡಿದ್ದ ವಿಷಯ, ಬೈಠಕ್ ಮುಗಿದ ಕೂಡಲೇ ನಾವಿಬ್ಬರೂ ಕೂತು ಮುಂದಿನ ಹೆಜ್ಜೆ ನೋಡೋಣ" ಎನ್ನಬೇಕು. ಅಪಾಯ ಈಗಲೇ ಇದ್ದರೆ ಬೈಠಕ್ ಮುಗಿಯುವವರೆಗೂ ಕಾಯುವಂತಿಲ್ಲ. ತರಬೇತಿಯಲ್ಲಿ ಈ ದೃಶ್ಯವನ್ನು ಪ್ರತಿಯೊಬ್ಬರೂ ಒಮ್ಮೆ ಆಡಲೇಬೇಕು. ಇದು ಪ್ರಾಕ್ಟರ್ ಹೇಳಿದ ಮೊದಲ ಕೆಲಸ, ಚಾಪ್ಲೇನ್‌ಗಳ ನಾಲಿಗೆಗೆ ಅತಿ ಭಾರವಾದದ್ದೂ ಇದೇ.

ಹಂತ 9: ಆಸ್ಪತ್ರೆಯೊಳಗೆ ಜಾಗ ಮಾಡಿಕೊಳ್ಳುವುದು

ಬಾಗಿಲು ಮುಚ್ಚುವ ಕೋಣೆ, ಒಂದೇ ಎತ್ತರದ ಕುರ್ಚಿಗಳು, ಶಿಫ್ಟ್ ಬದಲಾಗುವ ಹೊತ್ತಿಗೆ ಹೊಂದುವ ಸಮಯ, ವಾರ್ಡ್ ನೋಡಿಕೊಳ್ಳಲು ಬದಲಿ ವ್ಯವಸ್ಥೆ. ಇವನ್ನು ಚಾಪ್ಲೇನ್ ಒಬ್ಬರೇ ಹೊಂದಿಸಲಾರರು, ನರ್ಸಿಂಗ್ ಮುಖ್ಯಸ್ಥರ ಒಪ್ಪಿಗೆ ಮೊದಲೇ ಬೇಕು.

ಇಷ್ಟಾದರೂ ಬೈಠಕ್ ಮತ್ತೆ ಮತ್ತೆ ರದ್ದಾಗುತ್ತದೆ. ಮನೋವಿಶ್ಲೇಷಕಿ ಇಸಾಬೆಲ್ ಮೆನ್ಝೀಸ್ ಲಿತ್ ಲಂಡನ್ನಿನ ಬೋಧನಾ ಆಸ್ಪತ್ರೆಯೊಂದರ ನರ್ಸಿಂಗ್ ವ್ಯವಸ್ಥೆಯನ್ನು ಅಭ್ಯಾಸ ಮಾಡಿ 1960ರ ಹೊತ್ತಿಗೆ ಬರೆದದ್ದನ್ನು ಇಲ್ಲಿ ನೆನೆಯಬೇಕು. ಕೆಲಸವನ್ನು ಚೂರು ಚೂರು ಮಾಡಿ ಹಂಚುವುದು, ರೋಗಿಯನ್ನು ಹೆಸರಿನ ಬದಲು ಕಾಯಿಲೆಯಿಂದ ಕರೆಯುವುದು, ಇವೆಲ್ಲ ಸಾವು ನೋವಿನ ಆತಂಕದಿಂದ ತಪ್ಪಿಸಿಕೊಳ್ಳಲು ಸಂಸ್ಥೆಯೇ ಕಟ್ಟಿಕೊಂಡ ಗೋಡೆಗಳು ಎಂದು ಅವರು ಕಂಡರು. ನಮ್ಮ ಗುಂಪು ಆ ಗೋಡೆಯಲ್ಲಿ ಕಿಟಕಿ ತೆರೆಯುತ್ತದೆ. ಹಾಗಾಗಿ ರದ್ದಾದ ಬೈಠಕ್ ಬರೀ ವೇಳಾಪಟ್ಟಿಯ ಸಮಸ್ಯೆ ಅಲ್ಲ. ಸಿಟ್ಟು ಮಾಡಿಕೊಳ್ಳದೆ, ಬಿಟ್ಟೂ ಕೊಡದೆ, ಅದೇ ದಿನ ಅದೇ ಹೊತ್ತಿಗೆ ಕುರ್ಚಿ ಹಾಕಿ ಕೂರಲು ಹೊಸಬರಿಗೆ ಹೇಳಿ. ಇಬ್ಬರೇ ಬಂದರೂ ನಡೆಸಲಿ.

ಹಂತ 10: ಜೊತೆಗೂಡಿ, ಆಮೇಲೆ ಒಬ್ಬರೇ

ಕಲಿಯುವವರು ಮೊದಲ ಎರಡು ಬೈಠಕ್‌ಗಳಲ್ಲಿ ಆರಂಭ ಮತ್ತು ಮುಕ್ತಾಯ ಮಾತ್ರ ನೋಡಿಕೊಳ್ಳಲಿ. ಮುಂದಿನ ಎರಡರಲ್ಲಿ ನಡುವಿನ 25 ನಿಮಿಷ ಅವರದು. ಆಮೇಲೆ ನಾಲ್ಕು ಬೈಠಕ್ ಪೂರ್ತಿ ಅವರೇ ನಡೆಸಲಿ, ನೀವು ಮೂಲೆಯಲ್ಲಿ ಗೆರೆ ಎಳೆಯುತ್ತಾ ಕೂತಿರಿ. ಗುಂಪಿಗೆ ಇದು ಮೊದಲೇ ಗೊತ್ತಿರಬೇಕು, ಒಪ್ಪಿಗೆಯೂ ಇರಬೇಕು.

ಪ್ರತಿ ಸಲ ಮುಗಿದ ಮೇಲೆ ಮೊದಲ ಮಾತು ಕಲಿಯುವವರದು. ನೀವು ಕಂಡ ಹತ್ತು ವಿಷಯ ಹೇಳಬೇಡಿ. ಒಂದು ಹೇಳಿ, ಅದು ಎಷ್ಟನೇ ನಿಮಿಷದಲ್ಲಿ ಆಯಿತು ಎಂದು ಸೇರಿಸಿ. "32ನೇ ನಿಮಿಷದಲ್ಲಿ ಎಡಗಡೆಯವರು ಏನೋ ಹೇಳಲು ಹೊರಟು ನಿಲ್ಲಿಸಿದರು, ನೀವು ಆಗ ಕಥೆ ಹೇಳಿದವರನ್ನು ನೋಡುತ್ತಿದ್ದಿರಿ." ಇಂಥ ಮಾತು ಮನಸ್ಸಿನಲ್ಲಿ ಉಳಿಯುತ್ತದೆ.

ತಯಾರಾಗಿದ್ದಾರೆ ಎಂದು ತಿಳಿಯುವುದು ಹೇಗೆ? ನಾನು ಮೂರು ನೋಡುತ್ತೇನೆ. ಕಾಗದದ ಮೇಲೆ ಬಲೆ ಮೂಡಬೇಕು. ಸಮಯಕ್ಕೆ ಮುಗಿಸಬೇಕು. ತಾನು ಎಡವಿದ ಕ್ಷಣವನ್ನು ನಾನು ಹೇಳುವ ಮೊದಲೇ ತಾನೇ ಹೇಳಬೇಕು. ಮೂರನೆಯದು ಬಾರದಿದ್ದರೆ ಉಳಿದೆರಡು ಇದ್ದರೂ ಇನ್ನೆರಡು ಬೈಠಕ್ ಜೊತೆಗಿರುತ್ತೇನೆ.

ಒಬ್ಬರೇ ನಡೆಸಲು ಶುರುಮಾಡಿದ ಮೇಲೆ ಅವರಿಗೂ ಒಂದು ಗುಂಪು ಬೇಕು. ಗುಂಪು ನಡೆಸುವವರೇ ಸೇರಿ, ಆರು ವಾರಕ್ಕೊಮ್ಮೆ, ತಾವು ನಡೆಸಿದ ಬೈಠಕ್‌ನ ಒಂದು ತುಣುಕನ್ನು ಇದೇ ಚೌಕಟ್ಟಿನಲ್ಲಿ ನೋಡುವುದು. ಇದರ ಮೊದಲ ದಿನಾಂಕವನ್ನು ತರಬೇತಿ ಮುಗಿಯುವ ಮೊದಲೇ ಎಲ್ಲರ ಡೈರಿಯಲ್ಲಿ ಬರೆಸಿ. ಆಮೇಲೆ ನೋಡೋಣ ಅಂದರೆ ಅದು ನಡೆಯುವುದಿಲ್ಲ.

ಕೊನೆಗೆ ಗುಂಪು ಮುಗಿಸುವುದನ್ನೂ ಕಲಿಸಿ. ವರ್ಷದ ಕೊನೆಯ ಬೈಠಕ್‌ನಲ್ಲಿ ಹೊಸ ಪ್ರಸಂಗ ತೆಗೆದುಕೊಳ್ಳಬಾರದು. ಈ ವರ್ಷ ಮುಂದಿಟ್ಟ ಪ್ರಸಂಗಗಳನ್ನು ಒಂದೊಂದಾಗಿ ನೆನಪಿಸಿಕೊಂಡು, ಅವುಗಳಲ್ಲಿ ಯಾರು ಇನ್ನೂ ಮನಸ್ಸಿನಲ್ಲಿದ್ದಾರೆ ಎಂದು ಕೇಳಿ. ಆ ದಿನ ಎಲ್ಲರಿಗೂ ಮಾತಾಡಲು ಸಮಯ ಸಾಲದೇ ಹೋಗುತ್ತದೆ, ಹಾಗಾಗಿ 15 ನಿಮಿಷ ಜಾಸ್ತಿ ಇಟ್ಟುಕೊಂಡು, ವಾರ್ಡ್‌ಗೂ ಮೊದಲೇ ತಿಳಿಸಿರಿ.